ಸಿಹಿನೀರಿನ ತಳದ ಅವಶೇಷಗಳು: ಬೀದರ್ ಸೀಮೆಯ ನೋಟ

ಸಿಹಿನೀರಿನ ಕೆರೆ, ಸರೋವರ, ಜಲಾಶಯಗಳ ತಳದಲ್ಲಿ ಉಳಿದಿರುವ ಗುಡಿ, ಮನೆ, ಬಾವಿ, ಸೇತುವೆಗಳನ್ನು ಉಸಿರಾಟದ ಸಲಕರಣೆ ಹೊತ್ತು ಇಳಿದು ನೋಡುವುದು ಸ್ಕೂಬಾ ಡೈವಿಂಗ್‌ನ ಒಂದು ವಿಶೇಷ ಶಾಖೆ. ಕಡಲಿನ ಡೈವಿಂಗ್‌ನಲ್ಲಿ ಹವಳ, ಮೀನುಗಳ ಆಕರ್ಷಣೆ ಮುಖ್ಯ. ಇಲ್ಲಿ ಮನುಷ್ಯ ಕಟ್ಟಿದ್ದೇ ಮುಖ್ಯ. ಆದ್ದರಿಂದ ಈ ಶಾಖೆಗೆ ಈಜಿನ ಜಾಣತನದ ಜೊತೆಗೆ ಪುರಾತತ್ವದ ಶಿಸ್ತು, ಅಣೆಕಟ್ಟುಗಳ ತಿಳಿವಳಿಕೆ, ನೀರಿನ ಗುಣದ ಅರಿವು ಎಲ್ಲವೂ ಬೇಕು.

ಬೀದರ್, ಭಾಲ್ಕಿ, ಔರಾದ ಸೀಮೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಮೂರು ಬಗೆಯ ನೀರುಗಳಿವೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯ ಹಳ್ಳಿಗಾಡಿನ ನೆಲವನ್ನು ಮುಳುಗಿಸಿಕೊಂಡು ನಿಂತಿದೆ. ಭಾಲ್ಕಿ, ಔರಾದ ತಾಲ್ಲೂಕುಗಳಲ್ಲಿ ಹರಿಯುವ ಮಾಂಜ್ರಾ ನದಿ ಬೇಸಿಗೆ–ಮಳೆಗಾಲಗಳ ನಡುವೆ ಏರುತ್ತ ಇಳಿಯುತ್ತ ದಂಡೆಯನ್ನು ಬದಲಿಸುತ್ತಿದೆ. ಬೀದರ್ ನಗರದ ಕೆಂಪು ಜಂಬಿಟ್ಟಿಗೆಯ ಒಳಗೆ ಕರೇಜ್ ಎಂಬ ಸುರಂಗ ಬಾವಿಗಳು ಐದು ಶತಮಾನಗಳಿಂದ ನೀರು ಹಿಡಿದುಕೊಂಡಿವೆ. ಈ ಮೂರರ ತಳದಲ್ಲಿ ಏನು ಉಳಿಯುತ್ತದೆ, ಏನು ಕರಗುತ್ತದೆ, ಅದನ್ನು ಹೇಗೆ ನೋಡಬೇಕು ಎಂಬುದನ್ನು ತಿಳಿಯಲು ಜಗತ್ತಿನ ಬೇರೆ ಸರೋವರಗಳ ಅನುಭವ ನೆರವಾಗುತ್ತದೆ.

ಸರೋವರದ ತಳ ಓದಲು ಕಲಿತ ಬಗೆ

ಸಿಹಿನೀರಿನಡಿಯ ಪುರಾತತ್ವ ಶುರುವಾದದ್ದು ಸ್ವಿಟ್ಜರ್ಲೆಂಡಿನಲ್ಲಿ, ಅದೂ ನೀರು ಹಿಂದೆ ಸರಿದಾಗ. 1853–54ರ ಚಳಿಗಾಲದಲ್ಲಿ ಜೂರಿಕ್ ಸರೋವರದ ಮಟ್ಟ ತೀರ ಇಳಿದು, ಓಬರ್‌ಮೈಲನ್ ಎಂಬಲ್ಲಿ ಕೆಸರಿನಲ್ಲಿ ನೆಟ್ಟ ಮರದ ಕಂಬಗಳ ಸಾಲು ಕಾಣಿಸಿತು. ಇವು ಇತಿಹಾಸಪೂರ್ವ ಕಾಲದ ವಸತಿಯ ಕುರುಹುಗಳೆಂದು ಫರ್ಡಿನಾಂಡ್ ಕೆಲ್ಲರ್ ಗುರುತಿಸಿದರು. 1854ರ ಆಗಸ್ಟ್‌ನಲ್ಲಿ ಅಡಾಲ್ಫ್ ಮೊರ್ಲೋ ಎಂಬ ಭೂವಿಜ್ಞಾನಿ ಲೋಹದ ಶಿರಸ್ತ್ರಾಣ ತೊಟ್ಟು, ದೋಣಿಯಿಂದ ಕೊಳವೆಯಲ್ಲಿ ಗಾಳಿ ಪಡೆಯುತ್ತ ಜಿನೀವಾ ಸರೋವರದ ಮೊರ್ಜ್ ಬಳಿ ಇಳಿದರು. ಪುರಾತತ್ವಕ್ಕಾಗಿ ನಡೆದ ಮೊದಲ ಮುಳುಗುಗಳಲ್ಲಿ ಇದೂ ಒಂದು.

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾನ್ ಆಕ್ವಾಲಂಗ್ ರೂಪಿಸಿದ ಮೇಲೆ ಡೈವರ್ ಮೇಲಿನ ಕೊಳವೆಯ ಹಂಗಿನಿಂದ ಬಿಡುಗಡೆ ಪಡೆದ. ಬೆನ್ನ ಮೇಲಿನ ಸಿಲಿಂಡರಿನ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಹೊಂದಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ಈ ಸಾಧನದ ಜೀವಾಳ.

ಭಾರತದಲ್ಲಿ ನೀರೊಳಗಿನ ಪುರಾತತ್ವಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು ಕನ್ನಡಿಗರಾದ ಶಿಕಾರಿಪುರ ರಂಗನಾಥ ರಾವ್. ಲೋಥಲ್ ಉತ್ಖನನದಿಂದ ಹೆಸರಾದ ಅವರು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವ ವಿಭಾಗ ಕಟ್ಟಿ, 1980ರ ದಶಕದಲ್ಲಿ ದ್ವಾರಕೆಯ ಕಡಲೊಳಗಿನ ಶೋಧ ನಡೆಸಿದರು. 2001ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ತನ್ನದೇ ಆದ ನೀರೊಳಗಿನ ಪುರಾತತ್ವ ವಿಭಾಗ ತೆರೆಯಿತು. ಈ ಕೆಲಸದ ಹೆಚ್ಚಿನ ಪಾಲು ಕಡಲಿನಲ್ಲೇ ನಡೆದಿದೆ. ದಖ್ಖನ್ನಿನ ಸಾವಿರಾರು ಕೆರೆ, ಬಾವಿ, ಜಲಾಶಯಗಳು ಅದೇ ಗಮನಕ್ಕೆ ಅರ್ಹವಾಗಿವೆ.

ಊರುಗಳು ನೀರಡಿಗೆ ಸೇರುವ ದಾರಿಗಳು

ಒಂದು ಕಟ್ಟಡ ಸಿಹಿನೀರಿನ ಅಡಿಗೆ ಹೋಗಲು ಎರಡು ದಾರಿಗಳಿವೆ. ಮೊದಲನೆಯದು ಪ್ರಕೃತಿಯದು: ಭೂಕಂಪದಿಂದ ನೆಲ ಕುಸಿಯಬಹುದು, ಸರೋವರದ ಮಟ್ಟ ಏರಬಹುದು. ಟರ್ಕಿಯ ಇಜ್ನಿಕ್ ಸರೋವರದಲ್ಲಿ ದಡದ ಸಮೀಪವೇ, ಒಂದೆರಡು ಮೀಟರ್ ಆಳದಲ್ಲಿ, ಪ್ರಾಚೀನ ಕ್ರೈಸ್ತ ಬಸಿಲಿಕಾದ ಬುನಾದಿ ಮುಳುಗಿತ್ತು. 2014ರಲ್ಲಿ ಅದು ಬೆಳಕಿಗೆ ಬಂದದ್ದು ವಿಮಾನದಿಂದ ತೆಗೆದ ಛಾಯಾಚಿತ್ರಗಳಿಂದ. ಡೈವರ್‌ಗಳು ಇಳಿದದ್ದು ಆಮೇಲೆ.

ಎರಡನೆಯ ದಾರಿ ಅಣೆಕಟ್ಟು. ಚೀನಾದ ಕ್ಸಿನ್‌ಆನ್‌ಜಿಯಾಂಗ್ ಅಣೆಕಟ್ಟಿಗಾಗಿ 1959ರಲ್ಲಿ ಶೀಚೆಂಗ್ ಎಂಬ ಕೋಟೆ ಪಟ್ಟಣ ಚಿಯಾನ್‌ದಾವ್ ಸರೋವರದ ಪಾಲಾಯಿತು. ಕೆತ್ತನೆಯ ಕಲ್ಲಿನ ಕಮಾನುಗಳು ಅಲ್ಲಿ ಇಂದಿಗೂ ನಿಂತಿವೆ. ಮರದ ತೊಲೆಗಳು ಕೂಡ ಉಳಿದಿವೆ. ಈಗ ಅದು ಜಗತ್ತಿನ ಡೈವರ್‌ಗಳ ಹೆಸರಾಂತ ತಾಣ. ಆ ಅಣೆಕಟ್ಟಿಗಾಗಿ ಲಕ್ಷಾಂತರ ಜನ ಮನೆ ಬಿಟ್ಟದ್ದು ಅದೇ ಕಥೆಯ ಇನ್ನೊಂದು ಮುಖ.

ಕರ್ನಾಟಕದಲ್ಲಿ ಕಾಣುವ ಮುಳುಗಿದ ಅವಶೇಷಗಳು ಬಹುಪಾಲು ಎರಡನೆಯ ಬಗೆಯವು. ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ಬರದ ವರ್ಷಗಳಲ್ಲಿ ಮೇಲೆದ್ದು ಕಾಣುತ್ತಿತ್ತು. ಖೋಡೆ ಪ್ರತಿಷ್ಠಾನ ಅದರ ಕಲ್ಲುಗಳನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿತು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚು ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ಬೇಸಿಗೆಗೆ ಬಯಲಾಗುತ್ತದೆ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟನ್ನು 1964ರಲ್ಲಿ ಬಂದ ಲಿಂಗನಮಕ್ಕಿ ಜಲಾಶಯ ನುಂಗಿತು. ಒಂದು ಅಣೆಕಟ್ಟೇ ಇನ್ನೊಂದರ ತಳದಲ್ಲಿ ಅವಶೇಷವಾಗಿರುವ ಅಪರೂಪದ ಉದಾಹರಣೆ ಅದು. ನೆರೆಯ ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿ ಪಳಸದೇವದ ಪುರಾತನ ಗುಡಿ ಭೀಮಾ ನದಿಯ ನೀರು ಇಳಿದಾಗ ಹೊರಬರುತ್ತದೆ.

ಸಿಹಿನೀರು ಏನನ್ನು ಕಾಯುತ್ತದೆ, ಏನನ್ನು ಕೆಡಿಸುತ್ತದೆ

ಸಿಹಿನೀರಿನಲ್ಲಿ ಉಪ್ಪಿಲ್ಲ, ಕಡಲಿನಲ್ಲಿ ಮರವನ್ನು ಕೊರೆದು ತಿನ್ನುವ ಹಡಗುಹುಳುವೂ ಇಲ್ಲ. ಆಳದ ಕೆಸರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಕೊಳೆಯಿಸುವ ಜೀವಾಣುಗಳ ಆಟ ನಿಧಾನ. ಹೀಗಾಗಿ ಮರ, ಬಟ್ಟೆ, ಬೀಜ, ಚರ್ಮದಂಥ ಬೇಗ ಹಾಳಾಗುವ ವಸ್ತುಗಳು ಒಣನೆಲಕ್ಕಿಂತ ಹೂಳಿನೊಳಗೆ ಹೆಚ್ಚು ಕಾಲ ಬಾಳುತ್ತವೆ.

ಆದರೆ ಈ ರಕ್ಷಣೆ ಸಿಗುವುದು ಸದಾ ನೀರಿನೊಳಗೆ ಇರುವ ಭಾಗಕ್ಕೆ ಮಾತ್ರ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಡೇನಿಯಲ್ ಲೆನಿಹಾನ್ ನೇತೃತ್ವದಲ್ಲಿ ಜಲಾಶಯಗಳ ತಳದ ನೆಲೆಗಳನ್ನು ಪರೀಕ್ಷಿಸಿ 1981ರಲ್ಲಿ ವರದಿ ಕೊಟ್ಟಿತು. ನೀರಿನ ಮಟ್ಟ ಏರಿಳಿಯುವ ಅಂಚಿನ ಪಟ್ಟಿಯಲ್ಲಿಯೇ ಹಾನಿ ಅತಿ ಹೆಚ್ಚು ಎಂಬುದು ಅದರ ಮುಖ್ಯ ಪಾಠ. ಅಲ್ಲಿ ಅಲೆಗಳು ಮಣ್ಣು ಕೊಚ್ಚುತ್ತವೆ. ನೆನೆದು ಒಣಗಿ ಮತ್ತೆ ನೆನೆದು ಗೋಡೆ ಬಿರಿಯುತ್ತದೆ. ನೀರು ಇಳಿದಾಗ ಜನ, ದನ, ವಾಹನಗಳ ಓಡಾಟ ಶುರುವಾಗುತ್ತದೆ. ಕೈಗೆ ಸಿಕ್ಕ ಕೆತ್ತನೆಯ ಕಲ್ಲು ಮಾಯವಾಗುತ್ತದೆ.

ಬೀದರ್ ಸೀಮೆಗೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ಇಲ್ಲಿನ ನದಿಗಳು ಮಳೆಯನ್ನೇ ನಂಬಿದವು. ಒಳ್ಳೆಯ ಮಳೆಯ ವರ್ಷ ತುಂಬಿ ತುಳುಕುವ ಜಲಾಶಯ ಎರಡು ಬರಗಾಲ ಒಟ್ಟಾಗಿ ಬಂದರೆ ತಳ ಕಾಣಿಸುತ್ತದೆ. 2016ರ ಬೇಸಿಗೆಯಲ್ಲಿ ಮಾಂಜ್ರಾ ಜಲಾನಯನದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಇಂಥ ಕಡೆ ಏರಿಳಿತದ ಪಟ್ಟಿ ಬಹಳ ಅಗಲ. ಗಾರೆ ಇಲ್ಲದೆ ಮಣ್ಣಿನಿಂದ ಕಟ್ಟಿದ ಗೋಡೆ, ಮಣ್ಣು ಹೊದಿಸಿದ ಮಾಳಿಗೆ ಮನೆ ಕೆಲವೇ ಮಳೆಗಾಲಗಳಲ್ಲಿ ಕುಸಿದು ಹೂಳಿಗೆ ಸೇರುತ್ತವೆ. ಕಲ್ಲಿನ ಬುನಾದಿ, ಬಾವಿಯ ಕಟ್ಟೆ, ಗುಡಿಯ ಕಂಬ, ರಸ್ತೆಯ ಮೋರಿ ಮಾತ್ರ ಗುರುತು ಉಳಿಸಿಕೊಳ್ಳುತ್ತವೆ. ಊರು ಬಿಡುವ ಜನ ತೊಲೆ, ಬಾಗಿಲು, ಚೌಕಟ್ಟುಗಳನ್ನು ಕಳಚಿ ಜೊತೆಗೆ ಒಯ್ಯುವುದು ರೂಢಿಯಾದ್ದರಿಂದ ಮರದ ಅವಶೇಷ ಇಂಥ ಜಲಾಶಯಗಳಲ್ಲಿ ವಿರಳ.

ಕಾರಂಜಾ, ಮಾಂಜ್ರಾ ಮತ್ತು ಸುರಂಗ ಬಾವಿಗಳು

ಕಾರಂಜಾ ನದಿ ತೆಲಂಗಾಣದ ಕೊಹಿರ್ ಬಳಿ ಹುಟ್ಟಿ ಬೀದರ್ ಜಿಲ್ಲೆಗೆ ಬಂದು ಮಾಂಜ್ರಾ ಸೇರುತ್ತದೆ. ಬ್ಯಾಲಹಳ್ಳಿ ಬಳಿ ಅದಕ್ಕೆ ಕಟ್ಟಿದ ಜಲಾಶಯದ ಸಂಗ್ರಹ ಸಾಮರ್ಥ್ಯ ಸುಮಾರು 7.69 ಟಿಎಂಸಿ ಅಡಿ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 584 ಮೀಟರ್. ಬೀದರ್ ನಗರದ ಕುಡಿಯುವ ನೀರಿಗೂ ಇದು ಆಸರೆ. ಇದಕ್ಕಾಗಿ ಹೊಲ, ಮನೆ ಕಳೆದುಕೊಂಡ ರೈತರು ನ್ಯಾಯವಾದ ಪರಿಹಾರಕ್ಕಾಗಿ ದಶಕಗಳಿಂದ ಹೋರಾಡುತ್ತ ಬಂದಿದ್ದಾರೆ. ಆದ್ದರಿಂದ ಕಾರಂಜಾದ ತಳವೆಂದರೆ ಬದುಕಿರುವ ಜನರ ಹೊಲ, ಹಾದಿ, ದೈವದ ಕಟ್ಟೆಗಳ ನೆಲ. ಅದರ ಮೊದಲ ನಕ್ಷೆ ಇರುವುದು ಮುಳುಗಡೆ ಸಂತ್ರಸ್ತರ ನೆನಪಿನಲ್ಲಿ: ಯಾವ ಬಾವಿ ಎಲ್ಲಿತ್ತು, ಯಾವ ಮರದ ಪಕ್ಕ ಗುಡಿ ಇತ್ತು, ಊರಿನ ಅಗಸಿ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಅದನ್ನು ಬರೆದಿಡಬೇಕು.

ಮಾಂಜ್ರಾ ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟಿ, ಬೀದರ್ ಜಿಲ್ಲೆಯನ್ನು ಹಾದು, ತೆಲಂಗಾಣದಲ್ಲಿ ಗೋದಾವರಿಗೆ ಸೇರುವ ನದಿ. ಜಿಲ್ಲೆಯೊಳಗೆ ಅದಕ್ಕೆ ಅಡ್ಡಲಾಗಿ ಸೇತುವೆ ಸಹಿತ ಬ್ಯಾರೇಜುಗಳನ್ನು ಕಟ್ಟಿ ನೀರು ನಿಲ್ಲಿಸಲಾಗುತ್ತದೆ. ಔರಾದ, ಭಾಲ್ಕಿ ಕಡೆಯ ದಂಡೆಯಲ್ಲಿ ಎರೆಮಣ್ಣೇ ಹೆಚ್ಚು. ಮಳೆಗೆ ಕೊಚ್ಚಿ ಬರುವ ಈ ಮಣ್ಣಿನ ಕಣಗಳು ಅತಿ ಸಣ್ಣವಾದ್ದರಿಂದ ಬೇಗ ತಳಕ್ಕೆ ಕೂರುವುದಿಲ್ಲ. ಮಳೆಗಾಲದ ನೀರಿನಲ್ಲಿ ಚಾಚಿದ ಕೈ ಕೂಡ ಡೈವರ್‌ಗೆ ಕಾಣದಿರಬಹುದು. ಹೂಳಿನ ಈ ಪದರ ನೋಟಕ್ಕೆ ಅಡ್ಡಿಯಾದರೂ ತನ್ನ ಕೆಳಗಿನ ಕಲ್ಲುಕಟ್ಟಡಕ್ಕೆ ಹೊದಿಕೆಯೂ ಆಗುತ್ತದೆ.

ಬೀದರ್ ನಗರದ ಮಾತು ಬೇರೆ. ಸುಮಾರು 670 ಮೀಟರ್ ಎತ್ತರದ ಈ ಪ್ರಸ್ಥಭೂಮಿಯ ಮೇಲ್ಪದರ ರಂಧ್ರಮಯ ಜಂಬಿಟ್ಟಿಗೆ. ಅದರಡಿ ನೀರು ಇಂಗಗೊಡದ ಜೇಡಿಯ ಪದರ, ಮತ್ತೂ ಕೆಳಗೆ ಕಪ್ಪುಶಿಲೆ. ಮಳೆನೀರು ಜಂಬಿಟ್ಟಿಗೆಯಲ್ಲಿ ಇಳಿದು, ಜೇಡಿಯ ಮೇಲೆ ತಡೆದು, ಅಂಚುಗಳಲ್ಲಿ ಝರಿಯಾಗಿ ಹೊರಬರುತ್ತದೆ. ಗುರುನಾನಕ ಝೀರಾ, ಝರಣಿ ನರಸಿಂಹ, ಪಾಪನಾಶ ಇವೆಲ್ಲ ಝರಿಗಳ ಸುತ್ತ ಬೆಳೆದ ಕ್ಷೇತ್ರಗಳು. ಝರಣಿ ನರಸಿಂಹ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ಸುಮಾರು 300 ಅಡಿ ನಡೆದು ದೇವರ ದರ್ಶನ ಪಡೆಯುತ್ತಾರೆ. ನೀರು ತುಂಬಿದ ಪುರಾತನ ರಚನೆಯೊಂದನ್ನು ಒಳಹೊಕ್ಕು ನೋಡುವ ಅನುಭವ ಬೀದರ್ ಜನರಿಗೆ ಹೊಸದೇನಲ್ಲ.

ಬಹಮನಿ ಅರಸರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಪರ್ಷಿಯಾದ ಜಲತಂತ್ರವೂ ಜೊತೆಗೆ ಬಂತು. ಎತ್ತರದ ಜಾಗದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಗಾಳಿ–ಬೆಳಕಿನ ಬಾವಿಗಳನ್ನು ಬಿಟ್ಟು, ಗುರುತ್ವದ ಬಲದಿಂದಲೇ ನೀರನ್ನು ವಸತಿಗಳಿಗೆ ಹರಿಸುವ ಈ ವ್ಯವಸ್ಥೆಯೇ ಕರೇಜ್. ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಇಲ್ಲಿ ಗುರುತಿಸಲಾದ ಕರೇಜ್‌ಗಳು. ನೌಬಾದ್ ಕರೇಜಿನಲ್ಲಿ 21 ಗಾಳಿಬಾವಿಗಳಿವೆ. ಭೂಗೋಳ ಸಂಶೋಧಕ ವಲ್ಲಿಯಿಲ್ ಗೋವಿಂದನ್‌ಕುಟ್ಟಿ ಇವುಗಳ ಸಮೀಕ್ಷೆ ನಡೆಸಿದರು. ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಅವರ ಕಾಲದಲ್ಲಿ ಹೂಳೆತ್ತುವ ಕೆಲಸ ನಡೆಯಿತು. ದಖ್ಖನ್ ಪ್ರಸ್ಥಭೂಮಿಯ ಚಾರಿತ್ರಿಕ ಜಲವ್ಯವಸ್ಥೆಗಳನ್ನು ವಿಶ್ವ ಸ್ಮಾರಕ ನಿಧಿ 2020ರ ತನ್ನ ಗಮನಪಟ್ಟಿಗೆ ಸೇರಿಸಿತು. ಕಾರಂಜಾದಲ್ಲಿ ಮುಳುಗಿದ್ದು ಒಣನೆಲದ ಬದುಕಿಗಾಗಿ ಕಟ್ಟಿದ್ದು. ಕರೇಜನ್ನು ಕಟ್ಟಿದ್ದೇ ನೀರಿಗಾಗಿ. ನೀರು ಬತ್ತಿ ಕಸ, ಮಣ್ಣು ತುಂಬಿದರೆ ಕರೇಜಿಗೆ ಹಾನಿ. ನೀರು ಹರಿಯುತ್ತಿರುವುದೇ ಅದರ ಆರೋಗ್ಯ.

ಎತ್ತರದ ಸಿಹಿನೀರಿನಲ್ಲಿ ಡೈವಿಂಗ್

ಕರ್ನಾಟಕದಲ್ಲಿ ಸ್ಕೂಬಾ ಕಲಿಯುವವರು ಸಾಮಾನ್ಯವಾಗಿ ಹೋಗುವುದು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ. ಕಡಲಿನಲ್ಲಿ ಕಲಿತದ್ದನ್ನು ದಖ್ಖನ್ನಿನ ಜಲಾಶಯಕ್ಕೆ ಹಾಗೆಯೇ ತರಲಾಗದು. ಮೂರು ಲೆಕ್ಕಗಳು ಬದಲಾಗುತ್ತವೆ.

ಮೊದಲನೆಯದು ತೇಲುವಿಕೆ. ಕಡಲನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಸಾಂದ್ರ. ಸಲಕರಣೆ ಸೇರಿ 100 ಕಿಲೊ ತೂಗುವ ಡೈವರ್ ಕಡಲಿನಿಂದ ಕೆರೆಗೆ ಬಂದಾಗ ಸೊಂಟದ ಸೀಸದ ತೂಕದಲ್ಲಿ ಎರಡರಿಂದ ಎರಡೂವರೆ ಕಿಲೊ ಇಳಿಸಬೇಕು. ಇಳಿಸದಿದ್ದರೆ ಆತ ತಳಕ್ಕೆ ಕುಸಿದು ಹೂಳೆಬ್ಬಿಸುತ್ತಾನೆ. ಅವಶೇಷವೂ ಕಾಣದು, ಹಿಂದಿರುಗುವ ದಾರಿಯೂ ಕಾಣದು.

ಎರಡನೆಯದು ಒತ್ತಡ. ಸಮುದ್ರದಲ್ಲಿ ಸುಮಾರು 10 ಮೀಟರ್ ಇಳಿದರೆ ಮೇಲ್ಮೈಯ ಒತ್ತಡ ಇಮ್ಮಡಿಯಾಗುತ್ತದೆ. ಕಾರಂಜಾದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 93 ಮಾತ್ರ. ಹಾಗಾಗಿ ಅಲ್ಲಿ, ಸಿಹಿನೀರು ಕಡಲನೀರಿಗಿಂತ ಹಗುರವಾದರೂ, 9.6 ಮೀಟರಿಗೇ ಇಮ್ಮಡಿಯಾಗುತ್ತದೆ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತ, ಅಂಗಾಂಶಗಳಲ್ಲಿ ಕರಗುತ್ತದೆ. ಬೇಗ ಮೇಲೆ ಬಂದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡುತ್ತದೆ. ಮೇಲಿನ ಗಾಳಿ ತೆಳುವಾದಷ್ಟೂ ಈ ಅಪಾಯ ಹೆಚ್ಚು. ಆದ್ದರಿಂದ 300 ಮೀಟರಿಗಿಂತ ಎತ್ತರದ ನೀರಿಗೆ ಡೈವಿಂಗ್ ಕೋಷ್ಟಕಗಳನ್ನು ತಿದ್ದಿ ಬಳಸಬೇಕು. ಕಾರಂಜಾದ ಮಟ್ಟದಲ್ಲಿ 15 ಮೀಟರ್ ಆಳವನ್ನು ಕಡಲಿನ ಸುಮಾರು 15.7 ಮೀಟರ್ ಎಂದು ಎಣಿಸಬೇಕಾಗುತ್ತದೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದಿರುವುದು, 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವುದು ರೂಢಿಯ ಸುರಕ್ಷತೆ. ನೇತ್ರಾಣಿಯಲ್ಲಿ ಮುಳುಗೆದ್ದವರು ಅಂದೇ ಘಾಟಿ ಹತ್ತುವುದಕ್ಕೂ ಇದೇ ಕಾರಣದಿಂದ ವಿರಾಮದ ನಿಯಮ ಅನ್ವಯಿಸುತ್ತದೆ.

ಮೂರನೆಯದು ಗಾಳಿಯ ಲೆಕ್ಕ. 12 ಲೀಟರಿನ ಸಿಲಿಂಡರನ್ನು 200 ಬಾರ್ ಒತ್ತಡಕ್ಕೆ ತುಂಬಿದರೆ 2,400 ಲೀಟರ್ ಗಾಳಿ. ಅದರಲ್ಲಿ 50 ಬಾರ್ ತುರ್ತಿಗೆ ಮೀಸಲಿಟ್ಟರೆ ಉಳಿಯುವುದು 1,800 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಒತ್ತಡ ಇಮ್ಮಡಿಯಾದ ಆಳದಲ್ಲಿ 40 ಲೀಟರ್ ಬಳಸುತ್ತಾರೆ. ಅಂದರೆ 45 ನಿಮಿಷ. ಗಾಬರಿಯಾದರೆ ಅದು ಅರ್ಧಕ್ಕಿಳಿಯಬಹುದು.

ಅಪಾಯಗಳು

ಜಲಾಶಯದ ದೊಡ್ಡ ಅಪಾಯ ಆಳಕ್ಕಿಂತ ಹೆಚ್ಚಾಗಿ ತೂಬು ಮತ್ತು ಗೇಟುಗಳದು. ಎರಡೂ ಬದಿಯ ನೀರಿನ ಮಟ್ಟದಲ್ಲಿ ವ್ಯತ್ಯಾಸವಿದ್ದಾಗ ತೆರೆದ ತೂಬಿನ ಬಾಯಿ ಹತ್ತಿರ ಬಂದವರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಬಲದೆದುರು ಈಜು ನಡೆಯದು. ಗೇಟು ಮುಚ್ಚಿ, ಬೀಗ ಹಾಕಿ, ಜಲಾಶಯದ ಅಧಿಕಾರಿಗಳು ಲಿಖಿತವಾಗಿ ಖಚಿತಪಡಿಸದೆ ಕಟ್ಟೆಯ ಬಳಿ ಇಳಿಯಬಾರದು. ಎರಡನೆಯದು ಮೀನುಗಾರರ ಬಲೆ. ನೈಲಾನ್ ಎಳೆ ಕಲಕಿದ ನೀರಿನಲ್ಲಿ ಕಾಣುವುದಿಲ್ಲ. ಮುಳುಗಿದ ಜಾಲಿಮರ, ಗೋಡೆಗಳಿಗೆ ಸಿಕ್ಕಿ ಹರಿದ ಬಲೆಗಳು ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಬಲೆ ಕತ್ತರಿಸುವ ಸಾಧನ, ಜೊತೆಗಾರ, ದಡಕ್ಕೆ ಕಟ್ಟಿದ ಮಾರ್ಗದ ಹುರಿ ಕಡ್ಡಾಯ. ಮಾಂಜ್ರಾದಲ್ಲಿ ಇನ್ನೊಂದು ಎಚ್ಚರ ಬೇಕು: ನದಿಯ ಕೆಳಭಾಗದಲ್ಲಿ ತೆಲಂಗಾಣದ ಮಾಂಜೀರಾ ವನ್ಯಧಾಮ ಮೊಸಳೆಗಳ ನೆಲೆ.

ಕರೇಜ್ ಮತ್ತು ಹಳೆಯ ಬಾವಿಗಳಿಗೆ ಬೇರೆಯೇ ನಿಯಮ. ತಲೆಯ ಮೇಲೆ ಬಂಡೆ ಇರುವಲ್ಲಿ ತೊಂದರೆಯಾದರೆ ನೇರ ಮೇಲೇಳಲು ದಾರಿಯಿಲ್ಲ. ಗುಹೆ ಡೈವಿಂಗ್‌ನ ವಿಶೇಷ ತರಬೇತಿ ಪಡೆದವರು ಮೂರನೇ ಒಂದು ಪಾಲು ಗಾಳಿ ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮೀಸಲು ಎಂದು ಭಾಗಿಸಿ ಇಳಿಯುತ್ತಾರೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಬಾವಿಯ ತಳದಲ್ಲಿ, ನೀರಿನ ಮೇಲಿನ ಗಾಳಿಯೇ ವಿಷವಾಗಿರಬಹುದು. ಹಾಗಾಗಿ ಕರೇಜಿನ ಸಮೀಕ್ಷೆಗೆ ಕ್ಯಾಮೆರಾ ಹೊತ್ತ ಸಣ್ಣ ದೂರನಿಯಂತ್ರಿತ ಯಂತ್ರವೇ ಡೈವರ್‌ಗಿಂತ ಯೋಗ್ಯ.

ಕಾನೂನು ಮತ್ತು ಕೆಲಸದ ಕ್ರಮ

ಯುನೆಸ್ಕೊದ 2001ರ ನೀರೊಳಗಿನ ಸಾಂಸ್ಕೃತಿಕ ಪರಂಪರೆಯ ಒಡಂಬಡಿಕೆ ಕನಿಷ್ಠ 100 ವರ್ಷ ನೀರಿನಲ್ಲಿದ್ದ ಮಾನವ ಕುರುಹುಗಳನ್ನು ಪರಂಪರೆ ಎಂದು ಕರೆಯುತ್ತದೆ. ಅವನ್ನು ಇದ್ದಲ್ಲೇ ಉಳಿಸುವುದು ಮೊದಲ ಆಯ್ಕೆ ಎನ್ನುತ್ತದೆ. ಭಾರತದಲ್ಲಿ 1958ರ ಕೇಂದ್ರ ಕಾಯ್ದೆ, ಕರ್ನಾಟಕದಲ್ಲಿ 1961ರ ರಾಜ್ಯ ಕಾಯ್ದೆ ಪ್ರಾಚೀನ ಸ್ಮಾರಕ, ನೆಲೆಗಳ ರಕ್ಷಣೆಗಿವೆ. ನೂರು ವರ್ಷದ ಅಳತೆಗೆ ಕಾರಂಜಾದ ಮುಳುಗಡೆ ಹೊಂದುವುದಿಲ್ಲ. ಹಾಗೆಂದು ಅಲ್ಲಿನ ಕಲ್ಲು ಯಾರಿಗೂ ಸೇರದ ಸ್ವತ್ತಲ್ಲ. ನೋಡುವುದು, ಅಳೆಯುವುದು, ಚಿತ್ರ ತೆಗೆಯುವುದು ಡೈವರ್‌ನ ಹಕ್ಕಿನ ಎಲ್ಲೆ. ಏನನ್ನೂ ಎತ್ತಿ ತರುವಂತಿಲ್ಲ. ಕುಡಿಯುವ ನೀರಿನ ಜಲಾಶಯವಾದ್ದರಿಂದ ಎಣ್ಣೆ ಸೋರುವ ದೋಣಿ, ಕಸ ಯಾವುದೂ ನೀರಿಗೆ ಸೇರಬಾರದು.

ಈ ಎಲ್ಲ ಕಾರಣಗಳಿಂದ ಬೀದರ್ ಸೀಮೆಯಲ್ಲಿ ಕೆಲಸದ ಕ್ರಮ ತಾನಾಗಿ ಸ್ಪಷ್ಟವಾಗುತ್ತದೆ. ಮೊದಲು ಕಾಗದ: ಭೂಸ್ವಾಧೀನದ ದಾಖಲೆ, ಹಳೆಯ ಗ್ರಾಮನಕ್ಷೆ. ಅದರೊಡನೆ ಊರು ಬಿಟ್ಟವರ ಮಾತು. ನಂತರ ಉಪಗ್ರಹ ಮತ್ತು ಡ್ರೋನ್ ಚಿತ್ರ. ಏಪ್ರಿಲ್–ಮೇ ತಿಂಗಳಲ್ಲಿ ನೀರು ತೀರ ಇಳಿದಾಗ ಬಯಲಾದ ಪಟ್ಟಿಯಲ್ಲಿ ನಡೆದು ಮಾಡುವ ಅಳತೆ. ಅತಿ ಬೇಗ ಹಾಳಾಗುವ ಭಾಗ ಅದೇ ಆದ್ದರಿಂದ ಮೊದಲ ಹಣ, ಮೊದಲ ಶ್ರಮ ಅಲ್ಲಿಗೇ ಸಲ್ಲಬೇಕು. ಬೇಸಿಗೆಯಲ್ಲೂ ಬಯಲಾಗದ ತಳಕ್ಕೆ ದೋಣಿಯಿಂದ ಸೋನಾರ್ ಹಾಯಿಸಿದರೆ ಶಬ್ದದ ಪ್ರತಿಧ್ವನಿ ಕಲಕಿದ ನೀರಿನಲ್ಲೂ ಗೋಡೆ, ದಿಬ್ಬಗಳ ಆಕಾರ ಕೊಡುತ್ತದೆ. ಅಲ್ಲಿ ಗುರುತಾದ ಬಿಂದುಗಳಿಗೆ ಮಾತ್ರ, ಮಳೆಗಾಲದ ಕೆಸರು ಕುಳಿತ ಚಳಿಗಾಲದಲ್ಲಿ, ತರಬೇತಾದ ಡೈವರ್‌ಗಳು ಇಳಿಯಬೇಕು. ಅವರು ತಂದ ಚಿತ್ರ, ಅಳತೆಗಳು ಪುರಾತತ್ವ ಇಲಾಖೆಗೆ ತಲುಪಬೇಕು. ಭಾಲ್ಕಿ, ಔರಾದಗಳ ಶಾಲೆಗಳಿಗೂ, ಮುಳುಗಡೆಯಾದ ಊರಿನವರಿಗೂ ಕನ್ನಡದಲ್ಲಿ ತಲುಪಬೇಕು.